ಲಿಪಿಯಿಲ್ಲದ ಪಠ್ಯ: ಲಿಟಲ್ ಬ್ಯಾಲೆ ಟ್ರೂಪಿನ ಪ್ರಯೋಗಸಂಚಯ

ಕಾವ್ಯವೊಂದು ಕವಿಯ ಕಾಲಾನಂತರವೂ ಉಳಿಯುವುದು ಲಿಪಿಯ ಬಲದಿಂದ. ಓಲೆಗರಿ ಶಿಥಿಲವಾದರೆ ಲಿಪಿಕಾರನು ಇನ್ನೊಂದು ಪ್ರತಿಯನ್ನು ಮಾಡುತ್ತಾನೆ. ಪ್ರತಿಗಳಲ್ಲಿ ಪಾಠಾಂತರಗಳು ತಲೆದೋರಿದರೆ ಸಂಪಾದಕನು ಅವುಗಳನ್ನು ತೂಗಿನೋಡಿ ಒಂದು ಪಾಠವನ್ನು ನಿರ್ಣಯಿಸುತ್ತಾನೆ. ನೃತ್ಯಕ್ಕೆ ಈ ಅನುಕೂಲವಿಲ್ಲ. ಅದು ನರ್ತಕನ ದೇಹದಲ್ಲಿ ಮಾತ್ರ ಇರುತ್ತದೆ. ಆ ದೇಹ ದಣಿದರೆ ಅದೂ ದಣಿಯುತ್ತದೆ, ಆ ದೇಹ ಮರೆತರೆ ಅದೂ ಮರೆಯಾಗುತ್ತದೆ. ಯುರೋಪಿನಲ್ಲಿ ರುಡಾಲ್ಫ್ ಲಾಬಾನ್ ೧೯೨೮ರಲ್ಲಿ ಪ್ರಕಟಿಸಿದ ಚಲನಲಿಪಿಯಂತಹ ಪ್ರಯತ್ನಗಳು ನಡೆದಿವೆಯಾದರೂ ನಮ್ಮ ನೃತ್ಯತಂಡಗಳು ಅಂತಹ ಲಿಪಿಯನ್ನು ನೆಚ್ಚಿಕೊಂಡದ್ದು ವಿರಳ. ಸಾಂಪ್ರದಾಯಿಕ ನೃತ್ಯಪ್ರಕಾರಗಳಿಗೆ ಗುರುಪರಂಪರೆಯಾದರೂ ಇದೆ. ಒಬ್ಬ ವ್ಯಕ್ತಿಯ ಕಲ್ಪನೆಯಿಂದ ಹೊಸದಾಗಿ ಹುಟ್ಟಿದ ಆಧುನಿಕ ನೃತ್ಯರೂಪಕಗಳಿಗೆ ಅದೂ ಇಲ್ಲ. ಆದ್ದರಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಭಾರತದ ರಂಗಮಂದಿರಗಳಲ್ಲಿ ಪ್ರದರ್ಶನಗೊಂಡ ನೃತ್ಯರೂಪಕಗಳ ಬಹುಭಾಗ ಇಂದು ಹೆಸರುಗಳಾಗಿ ಮಾತ್ರ ಉಳಿದಿದೆ.

ಈ ಹಿನ್ನೆಲೆಯಲ್ಲಿ ಮುಂಬಯಿಯಲ್ಲಿ ೧೯೫೨ರಲ್ಲಿ ಹುಟ್ಟಿದ ಲಿಟಲ್ ಬ್ಯಾಲೆ ಟ್ರೂಪಿನ ಚರಿತ್ರೆ ಪರಿಶೀಲನೆಗೆ ಅರ್ಹವಾದುದು. ಅದರ ಸ್ಥಾಪಕ ಶಾಂತಿ ಬರ್ಧನ್ ತಂಡವನ್ನು ಕಟ್ಟಿದ ಎರಡೇ ವರ್ಷಗಳಲ್ಲಿ, ೧೯೫೪ರಲ್ಲಿ, ನಲವತ್ತು ತುಂಬುವ ಮುನ್ನವೇ ಕ್ಷಯರೋಗದಿಂದ ತೀರಿಕೊಂಡರು. ಆದರೆ ಅವರು ರೂಪಿಸಿದ 'ರಾಮಾಯಣ' ಮತ್ತು 'ಪಂಚತಂತ್ರ' ಎಂಬ ಎರಡು ರೂಪಕಗಳು ಹಲವು ದಶಕಗಳ ಕಾಲ ಒಂದು ತಲೆಮಾರಿನ ನರ್ತಕರಿಂದ ಇನ್ನೊಂದು ತಲೆಮಾರಿಗೆ ಸಾಗಿ ಪ್ರದರ್ಶನಗೊಳ್ಳುತ್ತ ಬಂದವು. ಕರ್ತೃವಿಲ್ಲದೆ, ಲಿಪಿಯಿಲ್ಲದೆ, ಪ್ರಾಚೀನ ಪರಂಪರೆಯ ಆಸರೆಯೂ ಇಲ್ಲದೆ ಇವು ಉಳಿದದ್ದು ಹೇಗೆ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಉತ್ತರದ ಬಹುಭಾಗ ಆ ರೂಪಕಗಳ ರಚನೆಯಲ್ಲಿಯೇ ಅಡಗಿದೆ.

ಕನ್ನಡದಲ್ಲಿ 'ರೆಪರ್ಟರಿ' ಎಂಬ ಮಾತು ಸಾಮಾನ್ಯವಾಗಿ ವೃತ್ತಿನಿರತ ನಾಟಕತಂಡವನ್ನು ಸೂಚಿಸುತ್ತದೆ. ಅದರ ಮೂಲಾರ್ಥವಾದರೋ ಒಂದು ತಂಡವು ಯಾವಾಗ ಬೇಕಾದರೂ ಆಡಲು ಸಿದ್ಧವಾಗಿಟ್ಟುಕೊಂಡಿರುವ ಪ್ರಯೋಗಗಳ ಸಂಚಯ. ಯಕ್ಷಗಾನ ಮೇಳವೊಂದಕ್ಕೆ ರೂಢಿಯಲ್ಲಿರುವ ಪ್ರಸಂಗಗಳಿರುವಂತೆ ನೃತ್ಯತಂಡಕ್ಕೆ ಈ ಪ್ರಯೋಗಸಂಚಯ. ಈ ಲೇಖನದಲ್ಲಿ ಆ ಎರಡನೆಯ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ.

೧. ಅಲ್ಮೋರದಿಂದ ಅಂಧೇರಿಗೆ

ಭಾರತದ ಆಧುನಿಕ ನೃತ್ಯದ ಮಾತು ಉದಯಶಂಕರರಿಂದ ಆರಂಭವಾಗುವುದು ವಾಡಿಕೆ. ೧೯೨೩ರಲ್ಲಿ ರಷ್ಯದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರೊಡನೆ ರಾಧಾ-ಕೃಷ್ಣ ವಸ್ತುವಿನ ರೂಪಕದಲ್ಲಿ ನರ್ತಿಸಿ ಹೆಸರು ಗಳಿಸಿದ ಅವರು ಮುಂದೆ ಭಾರತಕ್ಕೆ ಮರಳಿ ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಒಂದು ಸಂಸ್ಕೃತಿ ಕೇಂದ್ರವನ್ನು ಸ್ಥಾಪಿಸಿದರು. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್ - ಇಂತಹ ಘನ ಗುರುಗಳು ಒಂದೇ ಆವರಣದಲ್ಲಿ ಪಾಠ ಹೇಳಿದರು. ಯಂತ್ರನಾಗರಿಕತೆಯ ವಿಮರ್ಶೆಯಾದ 'ಲೇಬರ್ ಅಂಡ್ ಮೆಷಿನರಿ'ಯಂತಹ ರೂಪಕದ ಮೂಲಕ, ಪುರಾಣದ ಹೊರಗಿನ ವಸ್ತುವನ್ನೂ ಭಾರತೀಯ ದೇಹಭಾಷೆಯಲ್ಲಿ ಹೇಳಬಹುದೆಂಬುದನ್ನು ಉದಯಶಂಕರರು ತೋರಿಸಿಕೊಟ್ಟರು. ಮುಂದೆ ಹಿಂದಿ ಚಲನಚಿತ್ರರಂಗದಲ್ಲಿ ಪ್ರಸಿದ್ಧರಾದ, ೧೯೨೫ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಗುರುದತ್ ಕೂಡ ಈ ಕೇಂದ್ರದ ವಿದ್ಯಾರ್ಥಿಯಾಗಿದ್ದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

೧೯೪೪ರಲ್ಲಿ ಅಲ್ಮೋರದ ಕೇಂದ್ರ ಮುಚ್ಚಿತು. ಅಲ್ಲಿ ತರಬೇತಾದ ಕಲಾವಿದರಲ್ಲಿ ಅನೇಕರು ಮುಂಬಯಿಯ ಹಾದಿ ಹಿಡಿದರು. ಅದಕ್ಕೆ ಎರಡು ಕಾರಣಗಳಿದ್ದವು: ಒಂದು, ಚಲನಚಿತ್ರೋದ್ಯಮ ಒದಗಿಸುತ್ತಿದ್ದ ಜೀವನೋಪಾಯ, ಇನ್ನೊಂದು, ೧೯೪೩ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡಿದ್ದ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾ. ಬಂಗಾಳದ ಭೀಕರ ಕ್ಷಾಮದ ವರ್ಷವದು. ಕ್ಷಾಮಪೀಡಿತರಿಗಾಗಿ ನಿಧಿ ಸಂಗ್ರಹಿಸುವ, ಜನರಲ್ಲಿ ರಾಜಕೀಯ ಎಚ್ಚರವನ್ನು ಮೂಡಿಸುವ ಉದ್ದೇಶದಿಂದ ಇಪ್ಟಾ ಒಂದು ಕೇಂದ್ರ ತಂಡವನ್ನು ಕಟ್ಟಿ ಅಂಧೇರಿಯಲ್ಲಿ ನೆಲೆಗೊಳಿಸಿತು. ಆ ಕಾಲದ ಅಂಧೇರಿ ಮುಂಬಯಿ ನಗರದ ಎಲ್ಲೆಯೊಳಗಿರಲಿಲ್ಲ. ಅದು ಬೃಹನ್ಮುಂಬಯಿಗೆ ಸೇರಿದ್ದು ೧೯೫೦ರಲ್ಲಿ. ನಗರದ ಹೊರಗಿನ ಈ ಉಪನಗರದಲ್ಲಿ ಬೇರೆ ಬೇರೆ ಪ್ರಾಂತಗಳ, ಬೇರೆ ಬೇರೆ ಭಾಷೆಗಳ ಕಲಾವಿದರು ಒಂದೇ ಸೂರಿನಡಿ ವಾಸಿಸುತ್ತ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತ ಅಭ್ಯಾಸ ನಡೆಸಿದರು.

ಆ ತಂಡದ ನೃತ್ಯ ನಿರ್ದೇಶಕರಾಗಿದ್ದವರು ಶಾಂತಿ ಬರ್ಧನ್. ಪೂರ್ವಬಂಗಾಳದ ಕೊಮಿಲ್ಲಾದಲ್ಲಿ ೧೯೧೬ರಲ್ಲಿ ಜನಿಸಿದ ಅವರು ಮಣಿಪುರಿ ಮತ್ತು ತ್ರಿಪುರಾ ಪ್ರದೇಶದ ನೃತ್ಯಗಳನ್ನು ಕಲಿತು ಅಲ್ಮೋರದಲ್ಲಿ ಕೆಲಸ ಮಾಡಿದ್ದವರು. 'ಭೂಖಾ ಹೈ ಬಂಗಾಲ್', 'ಸ್ಪಿರಿಟ್ ಆಫ್ ಇಂಡಿಯಾ', 'ಇಂಡಿಯಾ ಇಮ್ಮಾರ್ಟಲ್' ಇವು ೧೯೪೪ರಿಂದ ೧೯೪೬ರ ಅವಧಿಯಲ್ಲಿ ಆ ತಂಡದಿಂದ ಹೊರಬಂದ ಪ್ರಮುಖ ರೂಪಕಗಳು. 'ಇಂಡಿಯಾ ಇಮ್ಮಾರ್ಟಲ್'ಗೆ ಸಂಗೀತ ನೀಡಿದವರು ಆಗಿನ್ನೂ ತರುಣರಾಗಿದ್ದ ರವಿಶಂಕರ್. ಇಪ್ಟಾದ ಕೇಂದ್ರ ತಂಡ ಚದುರಿದ ಮೇಲೆ ಶಾಂತಿ ಬರ್ಧನ್ ಮತ್ತು ರವಿಶಂಕರ್ ಜೊತೆಗೂಡಿ ಜವಾಹರಲಾಲ್ ನೆಹರೂ ಅವರ ಗ್ರಂಥವನ್ನು ಆಧರಿಸಿದ 'ಡಿಸ್ಕವರಿ ಆಫ್ ಇಂಡಿಯಾ' ಎಂಬ ಮಹಾರೂಪಕವನ್ನು ನಿರ್ಮಿಸಿದರು.

ಈ ರೂಪಕಗಳು ತಮ್ಮ ಕಾಲದಲ್ಲಿ ಅಪಾರ ಪರಿಣಾಮವನ್ನು ಬೀರಿದವು. ಆದರೆ ಇವುಗಳಲ್ಲಿ ಯಾವುದೂ ಪ್ರಯೋಗಸಂಚಯವಾಗಿ ಉಳಿಯಲಿಲ್ಲ. ಅವುಗಳ ಹುಟ್ಟಿಗೆ ಕಾರಣವಾದ ಸಂದರ್ಭವೇ ಅವುಗಳ ಆಯುಸ್ಸನ್ನೂ ನಿರ್ಣಯಿಸಿತು. ಕ್ಷಾಮದ ನೆನಪು ಹಸಿಯಾಗಿದ್ದಾಗ ಪ್ರೇಕ್ಷಕನನ್ನು ಕಲಕಿದ ಹಸಿವಿನ ನೃತ್ಯ, ಸ್ವಾತಂತ್ರ್ಯದ ಹೊಸ್ತಿಲಲ್ಲಿ ರೋಮಾಂಚನಗೊಳಿಸಿದ ಐಕ್ಯದ ದೃಶ್ಯ, ಸ್ವಾತಂತ್ರ್ಯ ಮತ್ತು ವಿಭಜನೆಗಳ ಅನಂತರ ಅದೇ ಅರ್ಥವನ್ನು ಕೊಡಲಾರದಾದುವು. ಪ್ರಾಸಂಗಿಕ ಕಾವ್ಯಕ್ಕೆ ಬರುವ ಸ್ಥಿತಿಯೇ ಇದು. ಅಷ್ಟೇ ಅಲ್ಲ, ದೊಡ್ಡ ಬಳಗವಿಲ್ಲದೆ ಅವುಗಳನ್ನು ಆಡುವುದು ಸಾಧ್ಯವಿರಲಿಲ್ಲ. ಬಳಗ ಚದುರಿದೊಡನೆ ನೃತ್ಯವೂ ಚದುರಿತು. ಶಾಂತಿ ಬರ್ಧನ್ ೧೯೫೨ರಲ್ಲಿ ಕಟ್ಟಿದ ತಂಡದ ಹೆಸರಿನಲ್ಲಿಯೇ 'ಲಿಟಲ್' ಎಂಬ ವಿಶೇಷಣವಿದೆ. ಮಹಾರೂಪಕಗಳನ್ನು ಕಟ್ಟಿದ್ದ ಕಲಾವಿದ ಈಗ ಕಿರಿದಾದುದನ್ನು ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ.

೨. ಗೊಂಬೆಗಳ ರಾಮಾಯಣ

ಹೊಸ ತಂಡದ ಮೊದಲ ಮಹತ್ವದ ಕೃತಿ 'ರಾಮಾಯಣ'. ಇದರಲ್ಲಿ ರಾಮ, ಸೀತೆ, ರಾವಣ, ಹನುಮಂತ ಎಲ್ಲರೂ ಮರದ ಗೊಂಬೆಗಳು. ಜಾತ್ರೆಯೊಂದರಲ್ಲಿ ಹಳ್ಳಿಗರು ನೆರೆಯುತ್ತಾರೆ. ಅವರ ಮುಂದೆ ಗೊಂಬೆಯಾಟ ನಡೆಯುತ್ತದೆ. ಆ ಗೊಂಬೆಯಾಟವೇ ರಾಮಾಯಣ. ರಾಜಸ್ಥಾನದ ಕಠಪುತಲಿ ಗೊಂಬೆಗಳ ಮಾದರಿಯಲ್ಲಿ ಕೋನಾಕೃತಿಯ ಮುಖವಾಡಗಳನ್ನು ಧರಿಸಿದ ನರ್ತಕರು, ದಾರದಿಂದ ಎಳೆದಂತೆ ಬಿಗಿಯಾಗಿ, ತುಂಡುತುಂಡಾಗಿ ಚಲಿಸುತ್ತಾರೆ. ಮುಖವಾಡ ಮತ್ತು ವೇಷಭೂಷಣಗಳ ವಿನ್ಯಾಸದಲ್ಲಿ ಅಪ್ಪುಣ್ಣಿ ಕರ್ತಾ ಅವರ ಪಾತ್ರ ದೊಡ್ಡದು. ತಂಡದ ಸಂಗೀತದಲ್ಲಿ ದುಡಿದವರಲ್ಲಿ ಅಲ್ಲಾವುದ್ದೀನ್ ಖಾನರ ಸೋದರನ ಮಗ, ಸರೋದ್ ವಾದಕ ಬಹಾದೂರ್ ಖಾನ್ ಒಬ್ಬರು. ಅಲ್ಮೋರದ ಎಳೆ ಹೀಗೆ ಮುಂಬಯಿಯಲ್ಲಿಯೂ ಮುಂದುವರಿಯಿತು.

ಗೊಂಬೆಯ ರೂಪವನ್ನು ಕೇವಲ ಅಲಂಕಾರದ ತಂತ್ರವೆಂದು ಭಾವಿಸಿದರೆ ಈ ಕೃತಿಯ ಸತ್ತ್ವವನ್ನು ತಪ್ಪಿಸಿಕೊಂಡಂತಾಗುತ್ತದೆ. ಅದರಿಂದ ಮೂರು ಪ್ರಯೋಜನಗಳು ಸಿದ್ಧಿಸಿವೆ.

ಮೊದಲನೆಯದು ದೇಹಭಾಷೆಯ ಐಕ್ಯ. ಬೇರೆ ಬೇರೆ ಶಿಕ್ಷಣ ಪಡೆದ ನರ್ತಕರು ಒಂದು ತಂಡದಲ್ಲಿ ಸೇರಿದಾಗ ಅವರ ಹೆಜ್ಜೆಗಳು ಒಂದೇ ಭಾಷೆಯನ್ನು ನುಡಿಯುವುದಿಲ್ಲ. ಕಥಕಳಿಯ ಮಂಡಿ ಬೇರೆ, ಮಣಿಪುರಿಯ ತೇಲಿಕೆ ಬೇರೆ. ಗೊಂಬೆಯ ಚಲನೆ ಎಲ್ಲರಿಗೂ ಸಮಾನವಾಗಿ ಹೊಸದು. ಅದನ್ನು ಕಲಿಯಬೇಕಾದರೆ ಎಲ್ಲರೂ ತಮ್ಮ ತಮ್ಮ ಅಭ್ಯಾಸಬಲವನ್ನು ಬದಿಗಿಟ್ಟು ಮೊದಲಿನಿಂದ ಆರಂಭಿಸಬೇಕು. ಹೀಗೆ ತಂಡಕ್ಕೆ ತನ್ನದೇ ಆದ ಒಂದು ವ್ಯಾಕರಣ ದೊರೆಯಿತು.

ಎರಡನೆಯದು ಪಾತ್ರ ಮತ್ತು ವ್ಯಕ್ತಿಗಳ ಬೇರ್ಪಡೆ. ಸಾತ್ತ್ವಿಕಾಭಿನಯದ ಮುಖ್ಯ ನೆಲೆಯಾದ ಮುಖವೇ ಇಲ್ಲಿ ಮುಚ್ಚಿಹೋಗಿದೆ. ಕಣ್ಣು, ಹುಬ್ಬು, ತುಟಿಗಳ ಸೂಕ್ಷ್ಮ ಚಲನೆಯಿಂದ ಆಗುವ ರಸಾಭಿವ್ಯಕ್ತಿಯನ್ನು ಕೊರಳಿನ ಓರೆ, ಭುಜದ ಕುಸಿತ, ಮೊಣಕೈಯ ಕೋನಗಳು ನಿರ್ವಹಿಸಬೇಕು. ಶೋಕದಲ್ಲಿ ಗೊಂಬೆ ಅಳುವುದಿಲ್ಲ. ಅದರ ತಲೆ ಒಂದಿಷ್ಟು ವಾಲುತ್ತದೆ. ಅಳಲಾರದ ಮರದ ಮುಖದ ಮುಂದೆ ಕುಳಿತ ಪ್ರೇಕ್ಷಕನು ಆ ಅಳುವನ್ನು ತಾನೇ ಪೂರೈಸಿಕೊಳ್ಳುತ್ತಾನೆ. ಇದರ ಇನ್ನೊಂದು ಪರಿಣಾಮವೇನೆಂದರೆ, ಪಾತ್ರವು ಇಂತಹ ನಟನ ಸೊತ್ತು ಎಂದಾಗುವುದಿಲ್ಲ. ಒಬ್ಬ ರಾಮನ ಬದಲು ಇನ್ನೊಬ್ಬ ಬಂದರೂ ಮುಖವಾಡ ಅದೇ, ಕೋನಗಳು ಅವೇ. ಕೃತಿ ಒಬ್ಬ ಕಲಾವಿದನ ಚೆಲುವನ್ನೋ ಪ್ರತಿಭೆಯನ್ನೋ ಆಶ್ರಯಿಸದೆ ನಿಲ್ಲುತ್ತದೆ.

ಮೂರನೆಯದು ಸ್ಮರಣೆಯ ಸೌಲಭ್ಯ. ಲಾಲಿತ್ಯಮಯವಾದ ಹರಿಯುವ ಚಲನೆಯನ್ನು ನೆನಪಿನಲ್ಲಿ ಯಥಾವತ್ತಾಗಿ ಹಿಡಿದಿಡುವುದು ಕಷ್ಟ. ಅದು ದೇಹದಿಂದ ದೇಹಕ್ಕೆ ಸಾಗುವಾಗ ಬದಲಾಗುತ್ತದೆ. ತುಂಡಾದ, ಕೋನಬದ್ಧವಾದ ಗೊಂಬೆಯ ಚಲನೆಯಾದರೋ ಬಿಡಿ ಅಕ್ಷರಗಳಂತೆ ಎಣಿಸಬಹುದಾದದ್ದು, ತಿದ್ದಬಹುದಾದದ್ದು. ಛಂದೋಬದ್ಧವಾದ ಪದ್ಯ ಗದ್ಯಕ್ಕಿಂತ ಹೆಚ್ಚು ಕಾಲ ಬಾಯಲ್ಲಿ ಉಳಿಯುವಂತೆ, ಈ ಕಟ್ಟುಪಾಡೇ ಕೃತಿಗೆ ರಕ್ಷೆಯಾಯಿತು. ಮುಖವಾಡವೂ ಒಂದು ಬಗೆಯ ಹಸ್ತಪ್ರತಿಯೇ ಸರಿ: ಹಳತು ಸವೆದಾಗ ಅದನ್ನು ನೋಡಿಯೇ ಹೊಸತನ್ನು ಮಾಡಬೇಕು.

ಕರ್ನಾಟಕದ ಕರಾವಳಿಯನ್ನು ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯಕರ ತಿರುಗುಮುರುಗು ಕಾಣಿಸದಿರದು. ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನಲ್ಲಿ ಕಾಮತ ಮನೆತನದವರು ಉಳಿಸಿಕೊಂಡು ಬಂದ ಯಕ್ಷಗಾನ ಸೂತ್ರದ ಗೊಂಬೆಯಾಟದಲ್ಲಿ ಗೊಂಬೆಗಳು ಯಕ್ಷಗಾನದ ವೇಷಧಾರಿಗಳನ್ನು ಅನುಕರಿಸುತ್ತವೆ. ಅಲ್ಲಿ ಮರವು ಮನುಷ್ಯನಂತೆ ಕುಣಿಯಲು ಹವಣಿಸಿದರೆ, ಶಾಂತಿ ಬರ್ಧನರ ರಾಮಾಯಣದಲ್ಲಿ ಮನುಷ್ಯನು ಮರದಂತೆ ಕುಣಿಯಲು ಹವಣಿಸುತ್ತಾನೆ. ಎರಡೂ ಕಡೆ ಪ್ರೇಕ್ಷಕನ ಆನಂದಕ್ಕೆ ಮೂಲವಾದುದು ಒಂದೇ: ಜೀವ ಮತ್ತು ಜಡಗಳ ನಡುವಣ ಗೆರೆ ಅಳಿಸಿಹೋಗುವ ಕ್ಷಣ.

೩. ಮಿತ್ರಕಾರ್ಯದ ಬಲೆ

ಎರಡನೆಯ ಕೃತಿ 'ಪಂಚತಂತ್ರ'. ಇದನ್ನು ರೂಪಿಸುವ ವೇಳೆಗೆ ಶಾಂತಿ ಬರ್ಧನ್ ರೋಗದಿಂದ ಜರ್ಜರಿತರಾಗಿದ್ದರು. ರಂಗದ ಮೇಲೆ ಅದರ ಪೂರ್ಣರೂಪವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಸಹಕಲಾವಿದರು ಅದನ್ನು ಪ್ರೇಕ್ಷಕರ ಮುಂದೆ ತಂದರು. ಕಾಗೆ, ಇಲಿ, ಆಮೆ, ಜಿಂಕೆಗಳು ಪರಸ್ಪರ ಸ್ನೇಹ ಬೆಳಸಿ ಬೇಡನ ಬಲೆಯಿಂದ ಪಾರಾಗುವ ಕಥೆ ಇದರ ವಸ್ತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದು ಅಪರಿಚಿತವಲ್ಲ. ವಸುಭಾಗನ ಪಂಥವನ್ನು ಅನುಸರಿಸಿ ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ರಚಿಸಿದ ಚಂಪೂಕೃತಿಯಲ್ಲಿ ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂಬ ಐದು ಪ್ರಕರಣಗಳಿವೆ. ವಿಷ್ಣುಶರ್ಮನ ಹೆಸರಿನಲ್ಲಿ ಪ್ರಚಲಿತವಾಗಿರುವ ಪಂಥದಲ್ಲಿ ಮಿತ್ರಲಾಭದ ಕಥೆ ಎರಡನೆಯ ತಂತ್ರವಾಗಿ ಬರುತ್ತದೆ. ಒಂದೇ ಕಥಾಸಾಮಗ್ರಿ ಸಂಸ್ಕೃತದಲ್ಲಿ ರಾಜನೀತಿಯಾಗಿ, ಕನ್ನಡದಲ್ಲಿ ಚಂಪುವಾಗಿ, ಮುಂಬಯಿಯ ರಂಗದಲ್ಲಿ ಮಾತಿಲ್ಲದ ಚಲನೆಯಾಗಿ ರೂಪ ತಾಳಿದೆ.

ರಾಮಾಯಣದಲ್ಲಿ ದೇಹವನ್ನು ಮರವಾಗಿಸಿದ ಸಂಯೋಜಕರು ಪಂಚತಂತ್ರದಲ್ಲಿ ಅದನ್ನು ಪ್ರಾಣಿಯಾಗಿಸಿದರು. ಹಕ್ಕಿಯ ಕತ್ತು ತಿರುಗುವ ಬಗೆ, ಜಿಂಕೆ ಬೆಚ್ಚಿ ನಿಲ್ಲುವ ಬಗೆ, ಇಲಿಯ ಅವಸರ, ಆಮೆಯ ನಿಧಾನ ಇವೆಲ್ಲ ಸೂಕ್ಷ್ಮ ನಿರೀಕ್ಷಣೆಯ ಫಲ. ಒಂದೊಂದು ಪ್ರಾಣಿಗೂ ಒಂದೊಂದು ಲಯ. ಆ ಲಯಗಳ ವೈದೃಶ್ಯವೇ ನಾಟಕ; ಭಿನ್ನ ಲಯಗಳು ಆಪತ್ಕಾಲದಲ್ಲಿ ಕೂಡಿ ಬರುವುದೇ ಅದರ ಪರಿಹಾರ. ಇಲ್ಲಿಯೂ ಕೃತಿಯನ್ನು ಕಾಪಾಡಿದ್ದು ಸ್ಪಷ್ಟ ಗುರುತುಗಳುಳ್ಳ ಚಲನೆ. ಮರೆತ ಹೆಜ್ಜೆಯನ್ನು ಮರಳಿ ಪಡೆಯಬೇಕಾದ ನರ್ತಕನಿಗೆ ಕಾಗೆ ಮತ್ತು ಇಲಿಗಳು ಕಣ್ಣೆದುರಿಗೇ ಇವೆ.

ದುರ್ಬಲರು ಒಗ್ಗೂಡಿ ಬಲೆಯನ್ನು ಗೆಲ್ಲುವ ಈ ಕಥೆಯಲ್ಲಿ ಇಪ್ಟಾ ದಿನಗಳ ಆಶಯ ಮರೆಯಾಗಿಲ್ಲವೆಂಬುದನ್ನು ಗಮನಿಸಬೇಕು. ೧೯೪೪ರಲ್ಲಿ ಘೋಷಣೆಯಾಗಿದ್ದ ಐಕ್ಯದ ಮಾತು ೧೯೫೪ರ ಹೊತ್ತಿಗೆ ಕಥೆಯಾಯಿತು. ಘೋಷಣೆಗೆ ಬೇಕಾದ ಸಂದರ್ಭ ಮುಗಿದುಹೋಗುತ್ತದೆ. ಕಥೆಗೆ ಸಂದರ್ಭವನ್ನು ಪ್ರೇಕ್ಷಕನೇ ಒದಗಿಸುತ್ತಾನೆ. ಇಪ್ಟಾದ ರೂಪಕಗಳು ಅಳಿದು ಈ ಎರಡು ಕೃತಿಗಳು ಉಳಿದುದರ ಒಂದು ಮುಖ್ಯ ಕಾರಣ ಇದೇ ಎನ್ನಬಹುದು.

೪. ಕರ್ತೃವಿಲ್ಲದ ದಶಕಗಳು

ಶಾಂತಿ ಬರ್ಧನರ ನಿಧನಾನಂತರ ತಂಡದ ಹೊಣೆಯನ್ನು ಹೊತ್ತವರು ಅವರ ಪತ್ನಿ ಹಾಗೂ ತಂಡದ ಸಹಸ್ಥಾಪಕಿ ಗುಲ್ ಬರ್ಧನ್. ೧೯೨೮ರಲ್ಲಿ ಜನಿಸಿದ ಅವರೂ ಇಪ್ಟಾದ ಮೂಲಕವೇ ನೃತ್ಯಕ್ಕೆ ಬಂದವರು. ನೃತ್ಯಸಂಯೋಜಕ ಪ್ರಭಾತ್ ಗಂಗೂಲಿ ಅವರೊಡನಿದ್ದು ಹೊಸ ರೂಪಕಗಳಿಂದ ಸಂಚಯವನ್ನು ಬೆಳೆಸಿದರು. ೧೯೬೦ರ ದಶಕದಲ್ಲಿ ತಂಡ ಮುಂಬಯಿಯನ್ನು ಬಿಟ್ಟು ಗ್ವಾಲಿಯರ್‌ಗೆ ಹೋಯಿತು. ೧೯೮೦ರ ದಶಕದಲ್ಲಿ ಭೋಪಾಲದಲ್ಲಿ ನೆಲೆಯೂರಿ ರಂಗಶ್ರೀ ಲಿಟಲ್ ಬ್ಯಾಲೆ ಟ್ರೂಪ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬಿ.ವಿ. ಕಾರಂತರು ಭಾರತ ಭವನದ ರಂಗಮಂಡಲವನ್ನು ಕಟ್ಟಿ ಬೆಳೆಸಿದ್ದೂ ಅದೇ ದಶಕದಲ್ಲಿ, ಅದೇ ನಗರದಲ್ಲಿ.

ಮುಂಬಯಿಯಲ್ಲಿ ಹುಟ್ಟಿದ ತಂಡ ಮುಂಬಯಿಯಲ್ಲಿ ಉಳಿಯದೆ ಹೋದುದು ವಿಚಾರಾರ್ಹ. ಪ್ರಯೋಗಸಂಚಯವನ್ನು ಕಾಪಾಡಬೇಕಾದರೆ ನರ್ತಕರು ದಿನವೂ ಒಂದೆಡೆ ಸೇರಬೇಕು. ಆಡದಿರುವ ಕೃತಿಯನ್ನೂ ಅಭ್ಯಾಸ ಮಾಡುತ್ತಿರಬೇಕು. ಮುಖವಾಡ ವೇಷಗಳನ್ನು ಇಡಲು ಸ್ಥಳ ಬೇಕು. ಸ್ಥಳ ಮತ್ತು ಸಮಯ ಎರಡೂ ದುಬಾರಿಯಾದ ನಗರದಲ್ಲಿ, ಚಲನಚಿತ್ರೋದ್ಯಮವು ನರ್ತಕರನ್ನು ಸೆಳೆಯುತ್ತಿರುವಾಗ, ಇದು ಸುಲಭವಲ್ಲ. ಆದರೆ ಅಸಾಧ್ಯವೆಂದೂ ಹೇಳುವಂತಿಲ್ಲ. ಉದಯಶಂಕರರ ಬಂಧುವೂ ಶಿಷ್ಯರೂ ಆದ ಸಚಿನ್ ಶಂಕರ್ ೧೯೫೩ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಬ್ಯಾಲೆ ಯೂನಿಟ್ ಅಲ್ಲಿಯೇ ದಶಕಗಳ ಕಾಲ ದುಡಿಯಿತು. ರೈಲುಪ್ರಯಾಣವನ್ನು ವಸ್ತುವಾಗುಳ್ಳ 'ಟ್ರೇನ್', ಮೀನುಗಾರ ಮತ್ತು ಮತ್ಸ್ಯಕನ್ಯೆಯ ಕಥೆ ಇವು ಅದರ ಜನಪ್ರಿಯ ರೂಪಕಗಳು. ಒಂದು ತಂಡ ನಗರದೊಡನೆ ಹೊಂದಿಕೊಂಡು ಬಾಳಿತು. ಇನ್ನೊಂದು ತನ್ನ ಸಂಚಯವನ್ನು ಹೊತ್ತುಕೊಂಡು ನಗರವನ್ನು ತೊರೆಯಿತು.

ಸಂಚಯದ ರಕ್ಷಣೆ ಎಲ್ಲೆಡೆಯೂ ಬಿಕ್ಕಟ್ಟಿನ ವಿಷಯವೇ. ಅಮೆರಿಕದಲ್ಲಿ ಮಾರ್ತಾ ಗ್ರಹಾಂ ೧೯೯೧ರಲ್ಲಿ ತೀರಿಕೊಂಡ ಮೇಲೆ ಅವರ ಕೃತಿಗಳ ಒಡೆತನದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ೨೦೦೯ರಲ್ಲಿ ನಿಧನರಾದ ಮರ್ಸ್ ಕನಿಂಗ್‌ಹ್ಯಾಂ ತಮ್ಮ ಬಳಿಕ ತಂಡವನ್ನು ಮುಚ್ಚಬೇಕೆಂದು ಮೊದಲೇ ಯೋಜಿಸಿದ್ದರು. ಅದರಂತೆ ೨೦೧೧ರ ಡಿಸೆಂಬರ್ ೩೧ರಂದು ಕೊನೆಯ ಪ್ರದರ್ಶನ ನಡೆಯಿತು. ಕೃತಿಗಳ ದಾಖಲೆಗಳನ್ನು ಮುಂದಿನವರಿಗಾಗಿ ಕಾದಿರಿಸಲಾಯಿತು. ಲಿಟಲ್ ಬ್ಯಾಲೆ ಟ್ರೂಪ್ ಮೂರನೆಯ ದಾರಿಯನ್ನು ಹಿಡಿಯಿತು. ಅದು ಕೃತಿಗಳನ್ನು ಆಡುತ್ತಲೇ ಉಳಿಸಿತು. ಹಿರಿಯ ನರ್ತಕ ತನ್ನ ಪಾತ್ರವನ್ನು ಕಿರಿಯನ ಮೈಗೆ ಒಪ್ಪಿಸುವುದು, ಕಿರಿಯನು ಹಿರಿಯನಾಗಿ ಇನ್ನೊಬ್ಬನಿಗೆ ಒಪ್ಪಿಸುವುದು - ಇದೇ ಅದರ ಪದ್ಧತಿ.

ಆದರೆ ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಆಧುನಿಕ ನೃತ್ಯದ ಜೀವಾಳವಿರುವುದು ಹೊಸತನದ ಹಂಬಲದಲ್ಲಿ. ಸಂಚಯದ ಧರ್ಮವಿರುವುದು ಹಳತಿನ ನಿಷ್ಠೆಯಲ್ಲಿ. ಒಂದು ಕಾಲಕ್ಕೆ ಬಂಡಾಯವಾಗಿದ್ದ ರಚನೆ ಪುನರಾವರ್ತನೆಯಿಂದ ತಾನೇ ಸಂಪ್ರದಾಯವಾಗಿಬಿಡುವ ಅಪಾಯವಿದೆ. ಅನಂತರದ ರೂಪಕಗಳಿಗಿಂತ ಮೊದಲಿನ ಎರಡು ಕೃತಿಗಳ ಹೆಸರೇ ತಂಡಕ್ಕೆ ಅಂಟಿಕೊಂಡದ್ದು ಅದರ ಹಿರಿಮೆಯೂ ಹೌದು, ಭಾರವೂ ಹೌದು. ಯಕ್ಷಗಾನದಲ್ಲಿ ಇದರ ಪ್ರತಿಬಿಂಬ ಕಾಣುತ್ತದೆ: ಡೇರೆ ಮೇಳಗಳು ಹೊಸ ಪ್ರಸಂಗಗಳ ಬೆನ್ನುಹತ್ತಿದಾಗ ಹಳೆಯ ಪ್ರಸಂಗಗಳ ಕೆಲವು ಕುಣಿತಗಳು, ಒಡ್ಡೋಲಗದ ವಿವರಗಳು ಮರೆಗೆ ಸರಿದವು, ಹಳೆಯದನ್ನೇ ಹಿಡಿದವರು ಪ್ರೇಕ್ಷಕರಿಲ್ಲದೆ ಸೊರಗಿದರು. ಈ ಇಕ್ಕಟ್ಟಿಗೆ ಸಿದ್ಧಪರಿಹಾರವಿಲ್ಲ.

೫. ಕನ್ನಡದ ಸಂದರ್ಭ

ಕನ್ನಡ ವಿದ್ವಾಂಸರಿಗೆ ಈ ಚರಿತ್ರೆಯಿಂದ ದೊರೆಯುವ ಪಾಠವೇನು? ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ಕಳಚಿ, ಪಿಟೀಲು ಮತ್ತು ಸ್ಯಾಕ್ಸೋಫೋನುಗಳನ್ನು ಸೇರಿಸಿ, ಕುಣಿತ ಮತ್ತು ಹಾಡಿನ ಬಲದಿಂದಲೇ ಕಥೆ ಹೇಳುವ ಯಕ್ಷಗಾನ ಬ್ಯಾಲೆಯನ್ನು ಕಟ್ಟಿದರು. ಅವರು ಬರೆದ ಯಕ್ಷಗಾನ ಕುರಿತ ಗ್ರಂಥಗಳು ನಮ್ಮ ಕಪಾಟುಗಳಲ್ಲಿವೆ. ಆದರೆ ಅವರ ಬ್ಯಾಲೆಯ ಒಂದೊಂದು ಹೆಜ್ಜೆಯ ನೆನಪಿರುವುದು ಅವರೊಡನೆ ಕುಣಿದ ಕಲಾವಿದರ ಮೈಯಲ್ಲಿ. ಇದಕ್ಕೆ ಪ್ರತಿಯಾಗಿ ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ' ಪಠ್ಯವಾಗಿ ಉಳಿದಿದ್ದರಿಂದ ಬಹುಕಾಲದ ಬಳಿಕ ಬಿ.ವಿ. ಕಾರಂತರು ಅದನ್ನು ರಂಗದ ಮೇಲೆ ಮತ್ತೆ ಜೀವಂತಗೊಳಿಸುವುದು ಸಾಧ್ಯವಾಯಿತು. ಮಾಸ್ಕೋದಲ್ಲಿ ನೃತ್ಯಸಂಯೋಜನೆಯನ್ನು ಶಾಸ್ತ್ರವಾಗಿ ಅಭ್ಯಸಿಸಿ ಬಂದ ಬೆಂಗಳೂರಿನ ಮಾಯಾ ರಾವ್ ಅದನ್ನು ಕಲಿಸಬಹುದಾದ ವಿದ್ಯೆಯಾಗಿ ಬೆಳೆಸಿದರು. ಸಂಯೋಜನೆ ಒಬ್ಬರ ಒಳಹೊಳಹಾಗಿ ಉಳಿಯದೆ ಪಾಠಕ್ರಮವಾದುದು ಅವರ ಮಹತ್ವದ ಕೊಡುಗೆ.

ಮುಂಬಯಿ ಕನ್ನಡಿಗರ ರಂಗಚಟುವಟಿಕೆಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿಯ ಸಂಘಸಂಸ್ಥೆಗಳ ಸಭಾಗೃಹಗಳಲ್ಲಿ ದಶಕಗಳಿಂದ ಯಕ್ಷಗಾನ, ನೃತ್ಯರೂಪಕ, ಗೀತನಾಟಕಗಳು ನಡೆಯುತ್ತ ಬಂದಿವೆ. ಆಹ್ವಾನಪತ್ರಿಕೆ, ಸ್ಮರಣಸಂಚಿಕೆಗಳಲ್ಲಿ ಅವುಗಳ ಹೆಸರು, ದಿನಾಂಕ, ಪಾತ್ರಧಾರಿಗಳ ಪಟ್ಟಿ ಸಿಗಬಹುದು. ಪ್ರಯೋಗ ಹೇಗಿತ್ತೆಂಬುದು ಸಿಗುವುದಿಲ್ಲ. ಗ್ರಂಥಸಂಪಾದನೆಯಲ್ಲಿ ಪಳಗಿದ ಕನ್ನಡ ವಿದ್ವತ್ತು ಪ್ರಯೋಗವನ್ನೂ ಒಂದು ಪಠ್ಯವೆಂದು ಪರಿಗಣಿಸಿ, ಬದುಕಿರುವ ಕಲಾವಿದರ ನೆನಪನ್ನು ಒಂದು ಪ್ರತಿಯೆಂದು ಭಾವಿಸಿ, ಹಲವರ ನೆನಪುಗಳನ್ನು ಪಾಠಾಂತರಗಳಂತೆ ಹೋಲಿಸಿ ದಾಖಲಿಸಬಹುದು. ದೃಶ್ಯಮುದ್ರಣ ಸುಲಭವಾಗಿರುವ ಈ ಕಾಲದಲ್ಲಿಯೂ ಈ ಕೆಲಸ ಅನಾವಶ್ಯಕವಾಗಿಲ್ಲ. ಮುದ್ರಣ ಒಂದು ಸಂಜೆಯ ಪ್ರದರ್ಶನವನ್ನು ತೋರಿಸುತ್ತದೆ. ಯಾವ ಹೆಜ್ಜೆ ಕಡ್ಡಾಯ, ಯಾವುದು ಆ ಸಂಜೆಯ ಆಕಸ್ಮಿಕ ಎಂಬುದನ್ನು ತಿಳಿಸಬಲ್ಲವನು ಕುಣಿದವನೇ.

ಗುಲ್ ಬರ್ಧನ್ ಅವರಿಗೆ ೨೦೧೦ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ನವೆಂಬರ್ ೨೯ರಂದು ಅವರು ಭೋಪಾಲದಲ್ಲಿ ನಿಧನರಾದರು. ಪತಿಯ ಮರಣದಿಂದ ಐವತ್ತಾರು ವರ್ಷಗಳ ಕಾಲ ಅವರು ನಿರ್ವಹಿಸಿದ ಕಾರ್ಯವನ್ನು ಕನ್ನಡದ ಪರಿಭಾಷೆಯಲ್ಲಿ ಲಿಪಿಕಾರನ ಕಾರ್ಯವೆನ್ನಬಹುದು. ಲಿಪಿಕಾರನ ಹೆಸರು ಗ್ರಂಥದ ಕೊನೆಯ ಸಾಲಿನಲ್ಲಿ ಬರುತ್ತದೆ, ಎಷ್ಟೋ ಬಾರಿ ಬರುವುದೂ ಇಲ್ಲ. ಆದರೆ ಪಂಪ ರನ್ನರನ್ನು ಇಂದು ನಾವು ಓದುತ್ತಿರುವುದು ಅವನ ಕೈಯಿಂದ.